ಗುಲಾಬಿ ಜುಟ್ಟಿನ ಹುಂಜ

ನಗಬೇಡಿ ಭಾವ! ಇದರಲ್ಲಿ ನಗೋ ಅಂಥದ್ದು ಏನಿದೆ? ನಗ್ತಾ ಇಲ್ವಾ? ಮತ್ತೆ ಆ ಮೀಸೆ ಯಾಕೆ ಅಲ್ಲಾಡ್ತಿದೆ? ಸರಿ ಸರಿ... ಆ ಗಡಿಯಾರ ಆಮೇಲೆ ಬಿಚ್ಚಿ, ಮೊದಲು ನನ್ನ ಮಾತು ಕೇಳಿ. ಪ್ರದರ್ಶನಕ್ಕೆ ಅಂತ ನೀವು ಕೊಟ್ಟಿದ್ದು ಬೆಳ್ಳಿ ನಾಣ್ಯ, ಅದರ ಮೇಲೊಂದು ಹುಂಜ. ನಾನು ವಾಪಸ್ ತಂದಿರೋದೂ ಅದೇ ನಾಣ್ಯ, ಅದೇ ಹುಂಜ. ಸ್ವಲ್ಪ ಬಣ್ಣ ಬಂದಿದೆ. ಅಷ್ಟೇ.

ಅಯ್ಯೋ, ಹಾಗೆ ನೋಡಬೇಡಿ ಭಾವ! ಈಗಿನ ಕಾಲದಲ್ಲಿ ಟಂಕಸಾಲೆಯವರೇ ಬಣ್ಣ ಹಚ್ಚಿ ಕೊಡ್ತಾರೆ. ಮೀನಿಗೆ ನೀಲಿ, ಹೂವಿಗೆ ಕೆಂಪು, ಎಲೆಗೆ ಹಸಿರು. ಜನ ಸಾಲಲ್ಲಿ ನಿಂತು ತಗೋತಾರೆ.

ಹೌದು, ಗೊತ್ತು, ಗೊತ್ತು! ಬಣ್ಣದ ನಾಣ್ಯ ಕಂಡ್ರೆ ನನಗೆ ಆಗ್ತಿರಲಿಲ್ಲ. ನಮ್ಮ ನಾಣ್ಯ ಸಂಗ್ರಹದವರ ಸಂಘದಲ್ಲಿ ನಲವತ್ತು ನಿಮಿಷ ಭಾಷಣ ಮಾಡಿದ್ದೂ ನಾನೇ. ಬಣ್ಣದ ನಾಣ್ಯ ತಂದವರನ್ನ ಸಂಘದಿಂದ ತೆಗೀಬೇಕು ಅಂತ ಠರಾವು ಬರೆದಿದ್ದೂ ನಾನೇ, ಕಾರ್ಯದರ್ಶಿ ಅಲ್ವಾ! ಆದ್ರೆ ಮನುಷ್ಯ ಅಂದಮೇಲೆ ಅಭಿಪ್ರಾಯ ಬದಲಾಗುತ್ತೆ ಭಾವ. ಯಾವಾಗ ಅಂತೀರಾ? ಈ ಮಂಗಳವಾರ.

ನೀವು ಸಭೆಗೆ ಬರೋದೇ ಬಿಟ್ರಿ, ಅಕ್ಕ ಹೋದಮೇಲೆ... ಇರಲಿ ಬಿಡಿ. ಅಲ್ಲಿ ಏನೇನು ನಡೀತಿದೆ ಅಂತ ನಿಮಗೆ ಗೊತ್ತಿಲ್ಲ. ಸಂಘ ಎರಡು ಹೋಳು! ಬೋಳು ನಾಣ್ಯದವರದ್ದು ಒಂದು ಮೇಜು, ಬಣ್ಣದವರದ್ದು ಒಂದು ಮೇಜು. ಚಹಾದ ಫ್ಲಾಸ್ಕು ಕೂಡ ಬೇರೆ ಬೇರೆ. ನಮ್ಮ ಪೋಸ್ಟ್ ಮಾಸ್ಟರು ಇದ್ದಾರಲ್ಲ, ರಿಟೈರಾದವರು, ಅವರು ಎದ್ದು ನಿಂತು ಏನಂದ್ರು ಗೊತ್ತಾ? "ಬಣ್ಣ ಹಚ್ಚಿದ್ದು ನಾಣ್ಯವೇ ಅಲ್ಲ, ಅಂಗಿಗೆ ಹೊಲಿಯೋ ಗುಂಡಿ!" ಬಟ್ಟೆ ಅಂಗಡಿಯವರು ಬಿಡ್ತಾರಾ? ಬಣ್ಣದ ಪಂಗಡಕ್ಕೆ ಅವರೇ ದೊಡ್ಡವರು. "ಬಣ್ಣ ಇಲ್ಲದ ನವಿಲು ಅಂದ್ರೆ ನೆನೆದ ಕೋಳಿ ಕಣ್ರೀ" ಅಂದ್ರು. ಅಂದಿದ್ದು ಹಾಗಿರಲಿ, ಮುಂದಿನ ಸಭೆಗೆ ಐದು ಬಣ್ಣದ ನಾಣ್ಯ ಸಾಲಾಗಿ ಹೊಲಿದ ಅಂಗಿ ಹಾಕ್ಕೊಂಡೇ ಬಂದುಬಿಟ್ರು! ಪೋಸ್ಟ್ ಮಾಸ್ಟರಿಗೆ ಮೈಯೆಲ್ಲಾ ಉರಿದುಹೋಯ್ತು. ಆದ್ರೂ ಎದ್ದು ಹೋಗಿ ಭೂತಗನ್ನಡಿ ಹಿಡಿದು ಒಂದೊಂದೇ ಗುಂಡಿ ನೋಡಿದ್ರು. ಮೂರನೇದರ ಹತ್ರ, ಹೊಟ್ಟೆ ಮೇಲೆ, ಐದು ನಿಮಿಷ ನಿಂತ್ರು. ಅಪರೂಪದ್ದಂತೆ.

ಕಣ್ಣಿನ ಡಾಕ್ಟರಮ್ಮ ಪಾಪ ರಾಜಿ ಮಾಡಿಸೋಕೆ ಹೋದ್ರು. "ಬಣ್ಣ ಇರಲಿ, ಆದ್ರೆ ಹಿಂದುಗಡೆ ಇರಲಿ, ಬೇಕಾದವರು ತಿರುಗಿಸಿ ನೋಡ್ಕೊಳ್ಳಲಿ" ಅಂದ್ರು. ಎರಡೂ ಮೇಜಿನವರು ಅವರ ಮೇಲೇ ಬಿದ್ರು! ಈಗ ಅವರು ಒಬ್ಬರೇ ಬಾಗಿಲ ಹತ್ರ ಕೂತ್ಕೋತಾರೆ, ಮನೆಯಿಂದ ನೀರು ತರ್ತಾರೆ.

ಮೀಸೆ ಮತ್ತೆ ಅಲ್ಲಾಡ್ತು! ನಗ್ರಿ ಭಾವ, ನಗ್ರಿ. ನಗ್ತಾ ಇದ್ರೆ ಒಳ್ಳೇದು. ಅಂದಹಾಗೆ, ಸೆಟ್ಟು ಸರಿಯಾಗಿ ಕೂತಿದೆ ತಾನೇ? ಒಸಡಿಗೆ ಒತ್ತೋದಿಲ್ವಲ್ಲ? ನಿಮಗೆ ಅಂತ ಎರಡು ವಾರ ಕೂತು ಮಾಡಿದ್ದು ಭಾವ. ಬೇರೆಯವರ ಹಲ್ಲಿನ ಸೆಟ್ಟಿಗೆ ನಾನು ಅಷ್ಟು ಕಷ್ಟಪಡಲ್ಲ. ಒಸಡಿನ ಬಣ್ಣ ಕೂಡ ಕೈಯಾರೆ ಕಲಸಿದ್ದು, ಪೇಟೇಲಿ ಸಿಗೋ ಬಣ್ಣ ಅಲ್ಲ ಅದು...

ಏನು? ಜುಟ್ಟಾ? ಗುಲಾಬಿ ಇದೆಯಾ? ಹೌದು, ಗುಲಾಬೀನೇ. ಹುಂಜದ ಜುಟ್ಟು ಕೆಂಪಿರಬೇಕು ಅಂತ ಯಾರು ಹೇಳಿದ್ದು? ಗುಲಾಬಿ ಜುಟ್ಟಿನ ತಳಿ ಇದೆ ಭಾವ! ಬೆಟ್ಟದ ಮೇಲೆ ಇರ್ತಾವಂತೆ. ಮೈ ಹಳದಿ ಬಿಳಿ, ಜುಟ್ಟು ಗುಲಾಬಿ... ನಾನು ನೋಡಿಲ್ಲ, ಕೇಳಿದ್ದೀನಿ. ಯಾರಿಂದ ಅಂದ್ರೆ... ಕೇಳಿದ್ದೀನಿ ಅಷ್ಟೇ.

ನೀವು ಮೊದಲು ಕಣ್ಣಿಗೆ ಸಿಕ್ಕಿಸಿಕೊಂಡಿರೋ ಆ ಐಗ್ಲಾಸು ತೆಗೀರಿ. ಅದು ವಾಚಿನ ಹಲ್ಲುಚಕ್ರ ನೋಡೋಕಿರೋದು. ಅದರಲ್ಲಿ ನೋಡಿದ್ರೆ ಯಾರ ಮುಖವೂ ಚೆನ್ನಾಗಿ ಕಾಣಲ್ಲ, ಹುಂಜ ಏನು ಮಹಾ!

ಯಾರು ಹಚ್ಚಿದ್ರು ಅಂತ ತಾನೇ? ಇನ್ಯಾರು, ಬಟ್ಟೆ ಅಂಗಡಿಯವರೇ! ಪ್ರದರ್ಶನದ ದಿನ ನಾನು ಕುರ್ಚಿ ಎಣಿಸ್ತಿದ್ದೆ, ಅಷ್ಟರಲ್ಲಿ ಬಂದು... ಫೋನ್ ಯಾಕೆ ತಗೊಂಡ್ರಿ? ಬೇಡ ಭಾವ! ಅವರು ಊರಲ್ಲಿಲ್ಲ. ಇದ್ರೂ ಈಗ ಊಟದ ಹೊತ್ತು. ಅಲ್ಲ, ಅವರೇ ಅಂತ ನಾನು ಖಡಾಖಂಡಿತ ಹೇಳಲಿಲ್ಲ, ಅವರ ಪಂಗಡದವರು ಯಾರೋ... ಇಡಿ, ಫೋನ್ ಕೆಳಗಿಡಿ. ನಿಮಗೆ ಕೈ ಮುಗೀತೀನಿ.

ಅಬ್ಬಾ. ಎಷ್ಟು ಗಡಿಯಾರ ಇಟ್ಕೊಂಡಿದ್ದೀರಿ ಇಲ್ಲಿ, ಒಂದೂ ಸರಿ ಟೈಮು ತೋರಿಸಲ್ಲ. ಎಲ್ಲಾ ಟಿಕ್ ಟಿಕ್ ಅಂತ ತಲೆ ತಿಂತಾವೆ. ಹೇಗೆ ಕೆಲಸ ಮಾಡ್ತೀರಿ ಮಾರಾಯ್ರೇ?

ಚಿಮಟದಲ್ಲಿ ಎಲ್ಲಿ ತೋರಿಸ್ತಿದ್ದೀರಿ? ಎದೆ... ಹುಂಜದ ಎದೆ. ಹಾಂ. ಗೊತ್ತು ಭಾವ. ಅಲ್ಲಿ ಕಪ್ಪಗೆ ಒಂದು ಗುರುತಿತ್ತು. ಅಕ್ಕನ ಹೆಬ್ಬೆರಳಿಂದು. ನಾಣ್ಯದ ಜೊತೆ ಲಕೋಟೇಲಿ ಕೊಟ್ಟಿದ್ರಲ್ಲ, ಆ ಚೀಟೀಲಿ ಓದಿದೆ. ನಾಣ್ಯ ತಂದ ದಿನ ಅವಳು ಒದ್ದೆ ಕೈಲಿ ಒತ್ತಿ ಹಿಡಿದು "ಇದೇನಾ ನಿಮ್ಮ ಹುಂಜ" ಅಂದಿದ್ದು, ನೀವು ಒಂದು ವಾರ ಮಾತು ಬಿಟ್ಟಿದ್ದು, ಆ ಗುರುತು ಬರಬರ್ತಾ ಬೆಳ್ಳಿ ಮೇಲೆ ಗೆರೆ ಗೆರೆಯಾಗಿ ಕಪ್ಪಾಗಿ ಕೂತಿದ್ದು... ಎಲ್ಲಾ ಬರೆದಿದ್ರಿ. ಚೀಟೀಲಿ "ದೋಷ" ಅಂತ ಎರಡು ಬೆರಳಗಲ ಜಾಗ ಕೊಟ್ರೆ, ಮಾತೇ ಆಡದ ನೀವು ಹಿಂದುಗಡೆವರೆಗೂ ಬರೆದಿದ್ರಿ.

ಅದು ಭದ್ರವಾಗಿದೆ ಭಾವ! ಬಣ್ಣದ ಕೆಳಗೆ ಇದೆ. ಒಂದು ಲೆಕ್ಕದಲ್ಲಿ ಬಣ್ಣವೇ ಅದನ್ನ ಕಾಪಾಡಿದೆ ಅನ್ನಿ. ಗಾಳಿ ತಾಗಲ್ಲ, ಧೂಳು ತಾಗಲ್ಲ...

ಏನ್ ಮಾಡ್ತಿದ್ದೀರಿ? ಹಲ್ಲು ಯಾಕೆ ತೆಗೀತೀರಿ? ಒತ್ತುತ್ತಾ? ಕೊಡಿ, ಉಜ್ಜಿ ಸರಿ ಮಾಡಿ... ಅಲ್ಲಿ ಯಾಕೆ ಇಡ್ತೀರಿ ಭಾವ? ನಾಣ್ಯದ ಪಕ್ಕ ಯಾಕೆ?

...

ಹೌದು. ಒಂದೇ ಬಣ್ಣ.

ಜುಟ್ಟು ಒಸಡಿಂದು. ಮೈ ಹಲ್ಲಿಂದು. ನನ್ನ ಹತ್ರ ಇನ್ಯಾವ ಬಣ್ಣ ಇರುತ್ತೆ ಹೇಳಿ? ನಾನೇ ಹಚ್ಚಿದ್ದು. ತಪ್ಪಾಯ್ತು. ಏನೋ ಹುಚ್ಚು, ಚೆನ್ನಾಗಿ ಕಾಣ್ಲಿ, ಬಹುಮಾನ ಬರ್ಲಿ ಅಂತ... ಬೈಯಲ್ವಾ? ತಲೆ ಆಡಿಸ್ತಿದ್ದೀರಿ. ಅಂದ್ರೆ ಪರವಾಗಿಲ್ಲ ಅಂತಾನಾ? ನೀವು ದೊಡ್ಡವರು ಭಾವ! ಸಂಘದಿಂದ ನನ್ನನ್ನ ತೆಗೀಲಿ, ನನ್ನ ಠರಾವಿಂದ ನನ್ನನ್ನೇ ತೆಗೀಲಿ, ಚಿಂತೆ ಇಲ್ಲ. ನೀವು ಒಬ್ಬರು...

ಅದೇನು ವಾಸನೆ? ಪೆಟ್ರೋಲಾ? ಹತ್ತಿಗೆ ಯಾಕೆ ಪೆಟ್ರೋಲು... ಬೇಡ. ಬೇಡ ಭಾವ, ಒರೆಸಬೇಡಿ. ಇರಲಿ ಬಿಡಿ, ಬಣ್ಣ ಇರಲಿ. ಚೆನ್ನಾಗೇ ಇದೆಯಲ್ಲ. ಎದೆ ಹತ್ರ ಬೇಡ, ಬೇಕಾದ್ರೆ ಜುಟ್ಟು ಒರೆಸ್ಕೊಳ್ಳಿ. ಎದೆ ಮುಟ್ಟಬೇಡಿ! ಕೈ ಬಿಡಲ್ಲ ನಾನು. ಎಳೆದ್ರೂ ಬಿಡಲ್ಲ!

ಅದರ ಕೆಳಗೆ ಏನೂ ಇಲ್ಲ ಭಾವ.

ಇಲ್ಲ. ಹೋಯ್ತು. ಸೋಮವಾರ ಸೆಟ್ಟುಗಳಿಗೆ ಪಾಲಿಶ್ ಹೊಡೀತಿದ್ದೆ, ಮೋಟಾರು ತಿರುಗ್ತಾ ಇತ್ತು. ನಿಮ್ಮ ನಾಣ್ಯ ಕಣ್ಣಿಗೆ ಬಿತ್ತು, ಎದೆ ಮೇಲೆ ಕಲೆ. ಅಯ್ಯೋ, ಭಾವನ ನಾಣ್ಯಕ್ಕೆ ಕಲೆ ಇದ್ರೆ ಬಹುಮಾನ ತಪ್ಪುತ್ತಲ್ಲ ಅಂತ... ಮೋಟಾರಿಗೆ ಒಂದೇ ಸಲ ಹಿಡಿದೆ. ಮೂರು ಸೆಕೆಂಡು. ಫಳಫಳ ಅಂತು. ನಾಣ್ಯ ಉಜ್ಜಬಾರದು ಅಂತ ಊರಿಗೆಲ್ಲಾ ಪಾಠ ಹೇಳೋನು ನಾನು! ಮಂಗಳವಾರ ಎಲ್ಲರ ಚೀಟಿ ಲಕೋಟೆ ಒಟ್ಟಿಗೆ ಒಡೆದೆ, ಪ್ರತಿ ವರ್ಷ ಒಡೆಯೋ ಹಾಗೆ. ನಿಮ್ಮದು ಓದಿದೆ. ಕೊನೇ ಸಾಲು "ದಯವಿಟ್ಟು ಒರೆಸಬೇಡಿ" ಅಂತಿತ್ತು.

ಆಮೇಲೆ ನನ್ನ ಹೆಬ್ಬೆರಳು ಒದ್ದೆ ಮಾಡಿ ಒತ್ತಿ ನೋಡಿದೆ ಭಾವ. ಒಡಹುಟ್ಟಿದವರು ಅಲ್ವಾ, ಸ್ವಲ್ಪ ಹೋಲಬಹುದೇನೋ ಅಂತ. ನಂದು ತುಂಬಾ ದೊಡ್ಡದಾಯ್ತು. ಆವಾಗ ಬಣ್ಣ ತಗೊಂಡೆ.

ನನಗೂ ಅವಳು ಅಕ್ಕ ಭಾವ. ನನ್ನ ಹತ್ರಾನೂ ಅವಳದ್ದು ಅಂತ ಏನೂ ಇಲ್ಲ.

ಏನಾದ್ರೂ ಅನ್ನಿ. ಹಾಗೆ ನೋಡಬೇಡಿ, ಏನಾದ್ರೂ ಅನ್ನಿ. ತಗೊಳ್ಳಿ, ಹಲ್ಲು ಹಾಕ್ಕೊಳ್ಳಿ... ಹಾಕ್ಕೊಂಡು ಎರಡು ಬೈದುಬಿಡಿ ಭಾವ.