ಕೆಳಗಿನ ತಿರುವಿನಲ್ಲಿ ಎತ್ತಿದ ಕೈ

ಇದನ್ನು ನನಗೆ ಮೊದಲು ಹೇಳಿದವನು ಹೋಬರ್ಟ್ ಸ್ಕ್ಯಾಗ್ಸ್. ನನ್ನ ಹೆಂಡತಿಯ ದೊಡ್ಡಪ್ಪನ ಮಗ. ಒಂದು ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕೂತು ಹೇಳಿದ. ಸೊಳ್ಳೆ ಬರುತ್ತವೆಂದು ದೀಪ ಆರಿಸಿದ್ದೆವು. ಅವನು ಕುಡಿಯುವವನಲ್ಲ. ಮಾತು ಬೆಳೆಸುವವನೂ ಅಲ್ಲ. ಭಾನುವಾರ ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಕೂತು, ಪ್ರಾರ್ಥನೆ ಮುಗಿದರೂ ತಲೆ ಎತ್ತದೆ ಇನ್ನಷ್ಟು ಹೊತ್ತು ಹಾಗೇ ಇರುವವನು. ದೇವರನ್ನು ನಂಬಿದವನು ಇಂಥದನ್ನೂ ನಂಬಬಹುದೇ ಎಂದು ಪಾದ್ರಿಗಳನ್ನು ಕೇಳಿದೆ. ಅವರು ನಕ್ಕು, ಬೇರೆ ಮಾತು ತೆಗೆದರು. ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ.

ಹೋಬರ್ಟನ ಅಕ್ಕ ಲೊರೆಟಾಳ ಎರಡನೆಯ ಮದುವೆಯ ಹಿಂದಿನ ರಾತ್ರಿ ಅದು. ಚರ್ಚಿನಲ್ಲಿ ಊಟ ಮುಗಿಸಿ ಹೋಬರ್ಟ್ ಮನೆಗೆ ಹೊರಟಿದ್ದ. ಜೊತೆಗೆ ಮದುಮಗ ವೆಂಡೆಲ್ ಫ್ರೈ. ಇಬ್ಬರೂ ಹಿಡಿದದ್ದು ನದಿಯ ಪಕ್ಕದ ದಾರಿ. ನಮ್ಮೂರ ದೋಣಿ ಶೆಡ್ಡಿನ ಎದುರಿಗೆ ಒಂದು ಹಳೆಯ ಬಾವಿ ಇದೆ, ಈಗ ಅದರ ಮೇಲೆ ಕೈಪಂಪು. ಪಕ್ಕದಲ್ಲಿ ಒಂದು ಸಿಕಮೋರ್ ಮರ. ತೊಗಟೆಯೆಲ್ಲ ಬಿಳಿ, ಕತ್ತಲಲ್ಲೂ ಮನುಷ್ಯನ ಹಾಗೆ ಕಾಣುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಊರಿನ ದೀಪಗಳೆಲ್ಲ ಆರಿದ್ದವು.

ಅಲ್ಲಿ ಏನಾಯಿತು ಎಂದು ಹೇಳುವ ಮೊದಲು ಈ ಇಬ್ಬರ ವಿಷಯವನ್ನೂ ಲೊರೆಟಾಳ ಮೊದಲ ಗಂಡನ ವಿಷಯವನ್ನೂ ಹೇಳಬೇಕು.

ನಮ್ಮದು ಒಹಾಯೋ ನದಿಯ ದಂಡೆಯ ಊರು, ಡಾಬ್ಸ್ ಲ್ಯಾಂಡಿಂಗ್. ಬೇರೆ ಊರಿನವರು ಗಡಿಯಾರದ ಗೋಪುರ ತೋರಿಸಿ ಹೆಮ್ಮೆಪಟ್ಟರೆ ನಾವು ಓಟದ ದೋಣಿ ತೋರಿಸುತ್ತಿದ್ದೆವು. ಒಬ್ಬ ಸಾಹುಕಾರನದಲ್ಲ, ಇಡೀ ಊರಿನದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯುದ್ಧವಿಮಾನದ ಇಂಜಿನ್‌ಗಳನ್ನು ಗುಜರಿಯ ಹಾಗೆ ಮಾರಿದರಲ್ಲ, ಅಂಥದೊಂದನ್ನು ಲಾರಿಯಲ್ಲಿ ತಂದರು. ನಮ್ಮ ಬಡಗಿಗಳೇ ಅದಕ್ಕೆ ಮರದ ಒಡಲು ಕಟ್ಟಿದರು. ಪೆಟ್ರೋಲಿಗಾಗಿ ಹೆಂಗಸರು ಚರ್ಚಿನ ಅಂಗಳದಲ್ಲಿ ಮೀನು ಕರಿದು ಮಾರಿದರು. ದೋಣಿಗೆ ಹಳದಿ ಬಣ್ಣ ಬಳಿದರು. ಇಂಥ ದೋಣಿ ಓಡುವಾಗ ತೇಲುವುದಿಲ್ಲ. ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹಾರುತ್ತದೆ. ಹಿಂದೆ ಮನೆಗಿಂತ ಎತ್ತರಕ್ಕೆ ನೀರು ಎದ್ದು, ಬಾಗಿ, ಬೀಳುತ್ತದೆ. ಅದಕ್ಕೆ ನಾವು ಹುಂಜದ ಬಾಲ ಅನ್ನುತ್ತೇವೆ.

ಹಳದಿ ದೋಣಿ ಓಡಿಸುತ್ತಿದ್ದವನು ಲೊರೆಟಾಳ ಮೊದಲ ಗಂಡ ಲೆಸ್ಟರ್ ಕ್ರಮ್. ಅದರ ಇಂಜಿನ್ ನೋಡಿಕೊಳ್ಳುತ್ತಿದ್ದವನು ಹೋಬರ್ಟ್. ವೆಂಡೆಲ್ ಅವರಿಬ್ಬರ ಗೆಳೆಯ. ಮೂವರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಎದುರು ದಂಡೆಯ ಸಾಹುಕಾರನೊಬ್ಬ ತನ್ನ ಕೆಂಪು ದೋಣಿ ಓಡಿಸಲು ಕರೆದಾಗ ವೆಂಡೆಲ್ ಹೋದ. ಯಾರೂ ತಪ್ಪು ತಿಳಿಯಲಿಲ್ಲ. ಪೈಪೋಟಿಯೆಲ್ಲ ನೀರಿನ ಮೇಲೆ. ದಡಕ್ಕೆ ಬಂದರೆ ಒಬ್ಬರ ದೋಣಿಗೆ ಸ್ಪ್ಯಾನರ್ ಬೇಕಾದಾಗ ಇನ್ನೊಬ್ಬರು ಕೊಡುತ್ತಾರೆ.

ಈ ಓಟಗಾರರಲ್ಲಿ ಒಂದು ಕಟ್ಟಳೆ ಇದೆ. ನೀರಿಗೆ ಬಿದ್ದವನು ಬದುಕಿದ್ದರೆ ಕೈ ಎತ್ತಬೇಕು. ನೋಡಿದವನು ಇಂಜಿನ್ ಆರಿಸಿ ನೀರಿಗೆ ಹಾರಬೇಕು. ಗೆಲ್ಲುತ್ತಿದ್ದರೂ ಸರಿ. ಡೆಟ್ರಾಯಿಟ್‌ನ ಓಟದಲ್ಲಿ ವೆಂಡೆಲ್ ಬಿದ್ದಾಗ ಲೆಸ್ಟರ್ ಮುಂದೆ ಇದ್ದ. ಗೆಲ್ಲುವ ಓಟವನ್ನು ಬಿಟ್ಟು ಹಿಂದಕ್ಕೆ ತಿರುಗಿ ಬಂದು ಹಾರಿದ. ವೆಂಡೆಲನ ಗಲ್ಲ ನೀರಿನ ಮೇಲೆ ಹಿಡಿದುಕೊಂಡು, "ಸಾಯೋದಾದ್ರೆ ನಿನ್ನ ದುಡ್ಡಲ್ಲಿ ಒಂದು ಬಿಯರ್ ಕುಡಿಸಿ ಸಾಯಿ ಕಣೋ" ಎಂದನಂತೆ.

ಆಮೇಲೆ ನಮ್ಮೂರಲ್ಲೇ ಓಟ ಬಂತು. ನದಿಯ ಕೆಳಗಿನ ತಿರುವಿನಲ್ಲಿ ಹಳದಿ ದೋಣಿಯ ಮೂತಿ ಎದ್ದಿತು. ದೋಣಿ ಮಗುಚಿ ಬಿತ್ತು. ತಿರುವಿನ ಆಚೆ ನಡೆದದ್ದು ದಂಡೆಯ ಜನಕ್ಕೂ ಕಾಣಲಿಲ್ಲ, ತೀರ್ಪುಗಾರರಿಗೂ ಕಾಣಲಿಲ್ಲ. ಹಿಂದೆಯೇ ಇದ್ದ ಕೆಂಪು ದೋಣಿ ನಿಲ್ಲದೆ ಬಂದು ಓಟ ಗೆದ್ದಿತು. ರಕ್ಷಣೆಯ ದೋಣಿ ಹೋಗಿ ಮುಟ್ಟುವಷ್ಟರಲ್ಲಿ ಲೆಸ್ಟರ್ ಹೆಣವಾಗಿದ್ದ. ವೆಂಡೆಲ್ ಬೆಳ್ಳಿಯ ಕಪ್ಪನ್ನು ಅಲ್ಲೇ ನೆಲದ ಮೇಲಿಟ್ಟು ಅತ್ತ. "ಅವನ ಹುಂಜದ ಬಾಲದ ನೀರೆಲ್ಲ ನನ್ನ ಗಾಜಿನ ಮೇಲಿತ್ತು, ಏನೂ ಕಾಣಿಸ್ಲಿಲ್ಲ" ಎಂದ. ಬಿದ್ದ ಪೆಟ್ಟಿಗೇ ಪ್ರಾಣ ಹೋಗಿದೆ, ನರಳಲಿಲ್ಲ ಎಂದು ಡಾಕ್ಟರು ಹೇಳಿದರು. ಊರು ಅದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಂಡಿತು.

ಲೊರೆಟಾ ಶೋಕದ ಕಪ್ಪು ಬಟ್ಟೆ ತೆಗೆದ ಮೇಲೂ ವೆಂಡೆಲ್ ಅವಳ ಮನೆಗೆ ಸೌದೆ ಒಡೆದು ಕೊಡುತ್ತಿದ್ದ, ಮಾಡು ಸರಿಮಾಡುತ್ತಿದ್ದ. ಅವನು ಮದುವೆಯ ಮಾತು ತೆಗೆದಾಗ ಅವಳು ಮೊದಲು ತಮ್ಮನನ್ನು ಕೇಳಿದಳು.

"ಹೋಬ್, ದೋಣಿ ಬಲ್ಲವನು ನೀನು. ಒಂದೇ ಒಂದು ಹೇಳು. ವೆಂಡೆಲ್ ಅವತ್ತು ನೋಡಿರ್ಲಿಲ್ಲ ತಾನೆ?"

"ನೋಡಿರ್ಲಿಲ್ಲ ಅಕ್ಕ. ಬೈಬಲ್ ಮುಟ್ಟಿ ಹೇಳ್ತೀನಿ."

"ಮುಟ್ಬೇಡ. ನೀನು ಹೇಳಿದ್ರೆ ಸಾಕು."

ಹೀಗೆ ಹೋಬರ್ಟನ ಮಾತಿನ ಮೇಲೆ ಆ ಮದುವೆ ನಿಂತಿತ್ತು.

ಈಗ ಬಾವಿಯ ಹತ್ತಿರಕ್ಕೆ ಬರೋಣ.

ವೆಂಡೆಲ್ ಖುಷಿಯಲ್ಲಿದ್ದ. "ನಾಳೆಯಿಂದ ನಾನು ನಿಂಗೆ ಭಾವ. ಸ್ವಲ್ಪ ಮರ್ಯಾದೆ ಇರ್ಲಿ" ಎಂದ.

"ಮರ್ಯಾದೆ ಬೇಕಾದ್ರೆ ಮೊದಲು ಆ ಟೈ ಕಟ್ಟೋದು ಕಲಿ. ದನಕ್ಕೆ ಹಗ್ಗ ಹಾಕಿದ ಹಾಗಿದೆ" ಎಂದ ಹೋಬರ್ಟ್.

ಇಬ್ಬರೂ ನಕ್ಕರು. ವೆಂಡೆಲ್ ನೀರು ಕುಡಿಯಲು ಪಂಪಿನ ಹಿಡಿ ಒತ್ತಿದ. ಕೀಚ್... ಕೀಚ್... ನೀರು ಬರಲಿಲ್ಲ.

ಆಗ ಕಪ್ಪೆಗಳು ಸುಮ್ಮನಾದವು. ಎಲ್ಲವೂ ಒಂದೇ ಸಲ.

ನದಿಯ ಮೇಲ್ಭಾಗದಿಂದ... ಬಹಳ ದೂರದಿಂದ... ಸ್ಟಾರ್ಟರ್ ತಿರುಗುವ ಸದ್ದು. ಊಂ... ಊಂ... ಊಂಂ... ಒಂದು ಕೆಮ್ಮು. ಇನ್ನೊಂದು ಕೆಮ್ಮು. ಆಮೇಲೆ ಹೊತ್ತಿಕೊಂಡಿತು.

"ಈ ಹೊತ್ತಲ್ಲಿ ಯಾರು ಇಂಜಿನ್ ಹಾಕಿದ್ದು?" ವೆಂಡೆಲ್ ಪಿಸುಗುಟ್ಟಿದ.

ಹೋಬರ್ಟ್ ಕಿವಿಗೊಟ್ಟು ಕೇಳಿದ. ಆ ಗುಡುಗಿನೊಳಗೆ ಇನ್ನೊಂದು ಸಣ್ಣ ಸದ್ದು ಇತ್ತು. ಟಿರ್ರ್... ಟಿರ್ರ್... ಹಳದಿ ದೋಣಿಯ ಹೊಗೆ ಕೊಳವೆ ಒಂದು ಸಲ ಸೀಳಿತ್ತು. ಹೋಬರ್ಟನೇ ಅದಕ್ಕೊಂದು ತಗಡು ಸುತ್ತಿ ಬಿಗಿದಿದ್ದ. ಇಂಜಿನ್ ಓಡುವಾಗ ಆ ತಗಡು ಹಾಗೆ ಅದುರುತ್ತಿತ್ತು. ಆ ಸದ್ದು ಬೇರೆ ಯಾವ ದೋಣಿಗೂ ಇರಲಿಲ್ಲ. ಆ ಇಂಜಿನ್ನನ್ನು ನದಿಯ ತಳದಿಂದ ಎತ್ತಿಸಿ, ಬಿಚ್ಚಿ, ಶೆಡ್ಡಿನಲ್ಲಿ ಇಟ್ಟವನೂ ಅವನೇ. ಶೆಡ್ಡು ಅವರ ಬೆನ್ನ ಹಿಂದೆ ಇತ್ತು. ಬೀಗ ಹಾಕಿತ್ತು. ಇಂಜಿನ್ನಿನ ಪಿಸ್ಟನ್‌ಗಳು ಸೀಮೆಎಣ್ಣೆಯ ಬಾನಿಯಲ್ಲಿ ಬಿದ್ದಿದ್ದವು.

ಸದ್ದು ಹತ್ತಿರ ಬಂತು. ಎದೆಯೊಳಗೆ ನಡುಗಿತು. ಎದುರಿಗೇ ಹಾದು ಹೋಯಿತು... ನದಿಯ ಮೇಲೆ ಏನೂ ಇರಲಿಲ್ಲ. ಒಂದು ಅಲೆಯೂ ಏಳಲಿಲ್ಲ.

ಕೆಳಗಿನ ತಿರುವಿನಲ್ಲಿ... ಢಬ್. ಅಗಲವಾದ ಹಲಗೆ ನೀರಿಗೆ ಬಡಿದ ಸದ್ದು. ಪ್ರೊಪೆಲರ್ ಗಾಳಿಯಲ್ಲಿ ತಿರುಗಿ ಕಿರುಚಿತು. ಕೀಂಂಂ... ನಿಂತಿತು.

ಆಮೇಲೆ ಮೇಲೆದ್ದ ನೀರು ಕೆಳಗೆ ಬೀಳುವ ಸದ್ದು. ಸುರ್ರ್... ಅದೂ ನಿಂತಿತು.

ಆಮೇಲೆ ಉಸಿರು. ದೂರದಲ್ಲಲ್ಲ, ಇಲ್ಲೇ, ದಂಡೆಯ ಕೆಳಗೆ. ಹಾ... ಹಾ... ಮಧ್ಯೆ ನೀರು ನುಂಗಿದ ಗುಳಕ್.

ಹೋಬರ್ಟನಿಗೆ ಏನೂ ಕಾಣಲಿಲ್ಲ. ಅದನ್ನು ಅವನು ನನಗೆ ಮತ್ತೆ ಮತ್ತೆ ಹೇಳಿದ. ಬರೀ ಕತ್ತಲು, ಬರೀ ನೀರು. ಕಂಡದ್ದು ವೆಂಡೆಲನಿಗೆ. ಅವನು ಹೋಬರ್ಟನ ತೋಳು ಹಿಡಿದಿದ್ದ. ಬೆರಳುಗಳು ಮೂಳೆಗೆ ತಾಗುತ್ತಿದ್ದವು.

"ಇಳಿಸು..." ಎಂದ ವೆಂಡೆಲ್. ನೀರಿನ ಕಡೆ ನೋಡಿ ಹೇಳುತ್ತಿದ್ದ. "ಇಳಿಸೋ ಲೆಸ್..."

"ಏನು? ಏನು ಇಳಿಸ್ಬೇಕು?"

"ಕೈ ಇಳಿಸೋಕೆ ಹೇಳು ಹೋಬ್... ಅವತ್ತೂ ಹೀಗೇ ಎಡಗೈ ಎತ್ತಿದ್ದ. ಹೀಗೇ ನೋಡ್ತಿದ್ದ."

ಹೋಬರ್ಟ್ ಅವನ ಕಡೆ ತಿರುಗಿದ. "ನೀನು ನೋಡ್ಲಿಲ್ಲ ಅಂದಿದ್ದೆ" ಎಂದ.

ವೆಂಡೆಲ್ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಗಾಜಿನ ಮೇಲೆ ನೀರಿತ್ತು ಅಂದಿದ್ದೆ."

"ಅದೇ ಕೊನೇ ಸುತ್ತು ಕಣೋ... ರಕ್ಷಣೆಯ ದೋಣಿ ಬಂದು ಎತ್ಕೊಳ್ಳುತ್ತೆ ಅಂದ್ಕೊಂಡೆ. ಜೀವನದಲ್ಲಿ ಒಂದ್ಸಲ ಅವನಿಗಿಂತ ಮುಂದೆ ಇದ್ದೆ. ಒಂದೇ ಒಂದ್ಸಲ..."

ಕೆಳಗೆ ಉಸಿರು ನಿಂತಿತು. ಕಪ್ಪೆಗಳು ಮತ್ತೆ ಕೂಗಿದವು. ಪಂಪಿನಿಂದ ತಾನಾಗಿಯೇ ನೀರು ಸುರಿಯತೊಡಗಿತು.

ಹೋಬರ್ಟ್ ತೋಳು ಬಿಡಿಸಿಕೊಂಡ. ಹಿಂದೆ ತಿರುಗಿ ನೋಡದೆ ಅಕ್ಕನ ಮನೆಗೆ ನಡೆದ. ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಲು ನೋಡಿದನಂತೆ. ಒಂದು ಸಾಲೂ ಬಾಯಿಗೆ ಬರಲಿಲ್ಲವಂತೆ.

ಲೊರೆಟಾ ಮದುವೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ತಮ್ಮನ ಮುಖ ನೋಡಿ ನಕ್ಕಳು. "ಏನೋ ಇದು, ಮದುಮಗನಿಗಿಂತ ನಿಂಗೇ ಜಾಸ್ತಿ ಹೆದರಿಕೆ ಆದ ಹಾಗಿದೆ?"

ಅವನು ಹೇಳಿದ. ಸದ್ದಿನ ವಿಷಯ ಬಿಟ್ಟು, ವೆಂಡೆಲ್ ಆಡಿದ ಮಾತನ್ನಷ್ಟೇ ಹೇಳಿದ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಕೂತಳು. ಆಮೇಲೆ ಕೇಳಿದಳು.

"ಬದುಕಿದ್ನಾ?"

ಹೋಬರ್ಟ್ ತಲೆ ತಗ್ಗಿಸಿದ.

"ಕೈ ಎತ್ತೋ ಅಷ್ಟು ಬದುಕಿದ್ನಾ, ಹೋಬ್?"

"ಹೂಂ, ಅಕ್ಕ."

"ಆ ಮನುಷ್ಯ ನನ್ನ ಒಲೆಗೆ ಸೌದೆ ತಂದ. ನನ್ನ ಟೇಬಲ್ಲಿನಲ್ಲಿ ಕೂತು ಉಂಡ. ಲೆಸ್ಟರನ ಕುರ್ಚಿಯಲ್ಲಿ ಕೂತು, ಅವನು ನರಳ್ಲಿಲ್ಲ ಲೊರೆಟಾ, ಅಂತ ನಂಗೇ ಸಮಾಧಾನ ಹೇಳ್ದ." ಅವಳು ಅಳಲಿಲ್ಲ. "ನೀನೂ ಹೇಳ್ದೆ."

"ನಂಗೆ ಗೊತ್ತಿರ್ಲಿಲ್ಲ..."

"ಗೊತ್ತಿಲ್ದೆ ಇದ್ದದ್ದನ್ನ ಗೊತ್ತು ಅಂತ ಹೇಳ್ದೆ. ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಬೆಳಿಗ್ಗೆ ಚರ್ಚಿಗೆ ಊರೆಲ್ಲ ಬಂತು. ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಲೊರೆಟಾ ದಿನ ಉಡುವ ಬಟ್ಟೆಯಲ್ಲೇ ಬಂದು, ಒಳಗೆ ಬಾರದೆ, ಮೆಟ್ಟಿಲ ಮೇಲೆ ನಿಂತಳು. ವೆಂಡೆಲ್ ಹೊರಗೆ ಬಂದ. ಅವಳು ಒಂದು ಮಾತೂ ಆಡದೆ ತನ್ನ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಅಷ್ಟೇ. ವೆಂಡೆಲನ ಮುಖ ಸುಣ್ಣದ ಹಾಗಾಯಿತು. ನಮಗೆ ಯಾರಿಗೂ ಏನೂ ತಿಳಿಯಲಿಲ್ಲ. ಅವನು ಮೆಟ್ಟಿಲಿಳಿದು ಹೋದ. ಓಟದ ದೋಣಿಯನ್ನು ಮತ್ತೆ ಹತ್ತಲಿಲ್ಲ. ಲೊರೆಟಾ ತಮ್ಮನ ಜೊತೆ ಬಹುಕಾಲ ಮಾತು ಬಿಟ್ಟಿದ್ದಳು. ಸಾಯುವ ವರ್ಷ ಕರೆಸಿಕೊಂಡಳು. ಅವಳನ್ನು ಮಣ್ಣುಮಾಡಿ ಬಂದ ಮೇಲೆಯೇ ಹೋಬರ್ಟ್ ನನಗೆ ಇದನ್ನೆಲ್ಲ ಹೇಳಿದ್ದು.

ನಾನು ಆಗ ಅರ್ಧ ನಂಬಿದೆ. ಇಂಜಿನ್ ಸದ್ದು ನದಿಯ ಮೇಲೆ ಎಲ್ಲಿಂದ ಎಲ್ಲಿಗೋ ಕೇಳುತ್ತದೆ, ತಪ್ಪು ಮಾಡಿದವನ ಕಣ್ಣಿಗೆ ಏನೇನೋ ಕಾಣುತ್ತದೆ, ಎಂದುಕೊಂಡೆ.

ಇನ್ನರ್ಧ ನಂಬಿದ್ದು ಹೀಗೆ. ಎದುರು ದಂಡೆಯಲ್ಲಿ ನನ್ನ ಮಗಳ ಮನೆ. ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಅಲ್ಲಿಂದ ಹಿಂದಿರುಗುತ್ತಿದ್ದೆವು. ಡೆಲ್ಬರ್ಟ್ ಜನರನ್ನು ನದಿ ದಾಟಿಸಲು ಓಡಿಸುವ ಫೆರ್ರಿ ದೋಣಿ ಆ ಕೆಳಗಿನ ತಿರುವಿನ ಮೇಲೇ ಹಾಯುತ್ತದೆ. ಒಳ್ಳೆ ಬಿಸಿಲು. ನದಿ ಶಾಂತವಾಗಿತ್ತು. ನಡುನೀರಿಗೆ ಬಂದಾಗ ಇಂಜಿನ್ ನಿಂತುಹೋಯಿತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ಯಾರೋ ಕೈಯಿಂದ ಆರಿಸಿದ ಹಾಗೆ ನಿಂತಿತು.

ಡೆಲ್ಬರ್ಟ್ ಇಂಜಿನ್ ಕಡೆ ನೋಡಲೇ ಇಲ್ಲ. ಪ್ರಯಾಣಿಕರ ಕಡೆ ನೋಡಿದ. ಹಿಂದಿನ ಬೆಂಚಿನ ಮೂಲೆಯಲ್ಲಿ ಒಬ್ಬ ಮುದುಕ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದ.

"ವೆಂಡೆಲ್, ನೀನು ಹತ್ತಿದ್ದು ನಾನು ನೋಡ್ಲಿಲ್ಲ ಕಣಯ್ಯ" ಎಂದ ಡೆಲ್ಬರ್ಟ್. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂಗೆ ಸೇತುವೆ ಮೇಲೆ ಹೋಗು ಅಂತ ಎಷ್ಟು ಸಲ ಹೇಳಿದೀನಿ?"

"ಸೇತುವೆ ದೂರ" ಎಂದ ಮುದುಕ.

ಡೆಲ್ಬರ್ಟ್ ಕೈಕಟ್ಟಿ ನಿಂತ. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಪ್ರವಾಹವು ಫೆರ್ರಿಯನ್ನು ಮೆಲ್ಲಗೆ ಕೆಳಕ್ಕೆ ಒಯ್ದು ತಿರುವು ದಾಟಿಸಿತು. ಆಮೇಲೆ ಅವನು ಗುಂಡಿ ಒತ್ತಿದ. ಇಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು.

ದಡದಲ್ಲಿ ಡೆಲ್ಬರ್ಟನನ್ನು ಕೇಳಿದೆ. ಅವನು ಹಗ್ಗ ಸುತ್ತುತ್ತ ಹೇಳಿದ: "ಅವನು ಹತ್ತಿದಾಗ ಮಾತ್ರ. ಅದೂ ಅಲ್ಲಿ ಮಾತ್ರ. ನಾನು ಹೊಸ ಇಂಜಿನ್ ಹಾಕಿದೆ. ಅದೂ ನಿಂತಿತು."

ಇದು ನಡೆದದ್ದು. ನಾನು ಆ ಫೆರ್ರಿಯಲ್ಲಿ ಕೂತಿದ್ದೆ. ನೀವೂ ಯಾರಿಗಾದರೂ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ. ಇಂಜಿನ್ನಿನ ಸದ್ದು ಮರೆತರೂ ಚಿಂತೆಯಿಲ್ಲ, ನಮ್ಮ ಹೆಸರುಗಳು ತಪ್ಪಿದರೂ ಚಿಂತೆಯಿಲ್ಲ. ಲೆಸ್ಟರ್ ಬದುಕಿದ್ದ, ಕೈ ಎತ್ತಿದ್ದ ಎಂಬುದನ್ನು ಮಾತ್ರ ಬಿಡಬೇಡಿ.