ಸಂಜೂನ ಹಿತ್ತಲ ಬಾಗಲಾ

ದನಿ ಸಣ್ಣದು ಮಾಡಿ ಹೇಳತೇನಿ, ಒಳಗ ಹುಡುಗ್ರು ಮಲಗ್ಯಾವ. ಇದು ಅವ್ರಿವ್ರು ಹೇಳಿದ್ದಲ್ಲ. ನಮ್ಮ ಚಿಗವ್ವನ ಮಗಳು ನಾಗರತ್ನಾಗ ಆದದ್ದು. ಬೈಲಹೊಂಗಲದಾಗ, ಎರಡು ಸಾವಿರದ ಮೂರನೇ ಇಸ್ವಿ. ಮಳಿಗಾಲ ಆಗಷ್ಟ ಮುಗದಿತ್ತು...

ಅವತ್ತು ಅಕಿ ಕಂಪ್ಯೂಟರ್ ಖೋಲಿಗೆ ಕೀಲಿ ಹಾಕಿ ಮನಿಗೆ ಹೊಂಟಿದ್ಲು. ಹೊತ್ತಾಗಿತ್ತು. ಓಣಿ ದೀಪ ಇರಲಿಲ್ಲ. ಖೋಲಿ ದಾಟಿದ್ರ ಒಂದು ಹಾಳು ಬಾವಿ. ಯಾರೂ ನೀರು ಸೇದೂದಿಲ್ಲ, ಮ್ಯಾಲ ಆಲದ ಬಿಳಲು ಇಳದಾವ. ಅದರ ಹತ್ರ ಬಂದಾಗ ಸಪ್ಪಳ ಕೇಳಿತು.

ಟಿಣ್... ಟಿಣ್... ಆಮ್ಯಾಲ ಕೀಂ ಅಂತ ಉದ್ದಕ ಒಂದು ಸೀಟಿ. ಆಮ್ಯಾಲ ಖರ್ರ್... ಖಸ್ಸ್... ಕಾದ ಎಣ್ಣಿಯೊಳಗ ನೀರು ಬಿದ್ದಂಗ.

ಬಾವಿಯೊಳಗಿಂದ ಬರಾಕತ್ತೇತಿ ಅನಿಸಿತು. ನಿಂತ್ಲು. ಅಲ್ಲ... ಬೆನ್ನ ಹಿಂದಿಂದ. ತಾ ಈಗ ಕೀಲಿ ಹಾಕಿ ಬಂದ ಖೋಲಿಯಿಂದ. ಅಕಿಗೆ ಗುರ್ತಿದ್ದ ಸಪ್ಪಳನ. ಫೋನ್ ತಂತಿ ಮ್ಯಾಲ ಒಂದು ಕಂಪ್ಯೂಟರ್ ಇನ್ನೊಂದನ್ನ ಕರದಾಗ ಮೋಡೆಮ್ ಡಬ್ಬಿ ಹಂಗ ಒದರತೇತಿ. ಆದ್ರ ಅಷ್ಟೊತ್ತಿಗೆ ಕರಿಯವ್ರು ಯಾರೂ ಇರಲಿಲ್ಲ.

ಆ ಖೋಲಿದೊಂದು ಹೇಳಬೇಕು ನಿಮಗ. ನಾಗರತ್ನಾ, ಅಕಿ ಗಂಡ ಸಂಜು, ಇಬ್ರೂ ಕಂಪ್ಯೂಟರ್ ಕಲತವ್ರು. ಕಿತ್ತೂರು, ಸವದತ್ತಿ, ರಾಮದುರ್ಗದಾಗ ರಕ್ತಾ ತಪಾಸ ಮಾಡೂ ಲ್ಯಾಬಿನವ್ರ ರಿಪೋರ್ಟ್ ಎಲ್ಲಾ ಫೋನ್ ಲೈನಿನ ಮ್ಯಾಲ ಇವರ ಖೋಲಿಗೆ ಬಂದು, ಇಲ್ಲಿಂದ ದವಾಖಾನಿಗೆ ಹೋಗತಿದ್ವು. ಅದಕ್ಕ ಸಂಜು ತಾನ ಒಂದು ಪ್ರೋಗ್ರಾಮ್ ಬರದಿದ್ದ. ರವಾನಿ ಅಂತ ಹೆಸರಿಟ್ಟಿದ್ದ. ಚಿತ್ರಾ ಇಲ್ಲ, ಬಣ್ಣಾ ಇಲ್ಲ. ಕರೀ ಪರದೆ. ಅದರ ಮ್ಯಾಲ ಒಂದು ಸಾಲು ಹುಕುಂ ಟೈಪ್ ಮಾಡಿದ್ರ ಫೈಲು ಆ ಊರಿಂದ ಈ ಊರಿಗೆ. ಆ ಕಡೆಯವ್ರಿಗೆ ಒಂದೆರಡು ಮಾತೂ ಬರೀಬಹುದಿತ್ತು. ಬರದ ಸಾಲು ಸಮೇತ ಇಂಟರ್ನೆಟ್ಟಿನಾಗ ಪುಕ್ಕಟ ಇಟ್ಟಿದ್ದ, ಪುಣಾದಾಗೂ ಮಂದಿ ಬಳಸತಿದ್ರು.

ಒಳಗ ಬರವ್ರು ಹೆಸರು, ಪಾಸ್‌ವರ್ಡ್ ಎರಡೂ ಕೊಡಬೇಕು. ಸಂಜು ತನಗಂತ ಒಂದು ಹಿತ್ತಲ ಬಾಗಲಾ ಇಟ್ಕೊಂಡಿದ್ದ. ತನ್ನ ಹೆಸರೊಂದ ಟೈಪ್ ಮಾಡಿದ್ರ ಸಾಕು, ಪಾಸ್‌ವರ್ಡ್ ಕೇಳದ ಒಳಗ ಬಿಡತಿತ್ತು. ಎಲ್ಲೆ ಮಷಿನ್ ನಿಂತ್ರೂ ಕುಂತಲ್ಲಿಂದನ ರಿಪೇರಿ ಮಾಡಾಕ.

ಆ ಸಂಜು ಸತ್ತು ಆಗ ಆರು ತಿಂಗಳಾಗಿತ್ತು. ಸವದತ್ತಿ ಲ್ಯಾಬಿಂದ ಗಾಡಿ ಮ್ಯಾಲ ಬರೂಮುಂದ, ಮುನವಳ್ಳಿ ದಾಟಿ, ದೀಪಾ ಇಲ್ಲದ ನಿಂತಿದ್ದ ಟ್ರ್ಯಾಕ್ಟರಿಗೆ ಬಡದಿದ್ದ. ಮಣ್ಣಿಗೆ ನಾನೂ ಹೋಗಿದ್ದೆ. ನಾಗರತ್ನಾ ಅಳಲಿಲ್ಲ. ಅವನ ಅಂಗಿದೊಂದು ಗುಂಡಿ ಕಿತ್ತಿತ್ತು. ಅದನ್ನ ಹಚ್ಚತೇನಿ, ಸೂಜಿ ಕೊಡ್ರಿ ಅಂತ ಬಂದವ್ರನ್ನೆಲ್ಲಾ ಕೇಳಕೋತ ಕುಂತಿದ್ಲು.

ಇರಲಿ... ಅಕಿ ತಿರಗಿ ಹೋದ್ಲು. ಕೀಲಿ ತಗದ್ಲು. ಪರದೆ ಮ್ಯಾಲ ಒಂದು ಸಾಲು ಬಂದಿತ್ತು. ಒಳಗ ಬಂದವರು: ಸಂಜು. ಅದರ ಕೆಳಗ ಸಣ್ಣ ಗೀಟು ಮಿಣಕ್... ಮಿಣಕ್... ಯಾವ ಫೈಲೂ ತಗೊಳ್ಳಲಿಲ್ಲ. ಏನೂ ಬರೀಲಿಲ್ಲ. ಸ್ವಲ್ಪ ಹೊತ್ತಿಗೆ ಮೋಡೆಮ್ ಖಟ್ ಅಂತು. ಹೋತು.

ಯಾರೋ ಕಳ್ಳ ಅಂತನ ತಿಳದ್ಲು. ಮರುದಿನಾನೂ ಬಂತು. ಅದರ ಮರುದಿನಾನೂ. ಟೆಲಿಫೋನ್ ಲೈನ್‌ಮನ್ ದುಂಡಪ್ಪಗ ಹೇಳಿದ್ಲು, ಎಲ್ಲಿಂದ ಬರತೇತಿ ನೋಡಪಾ ಅಂತ. ಅಂವ ಎಕ್ಸ್‌ಚೇಂಜಿನಾಗ ನೋಡಕೊಂಡು ಬಂದ. ಒಳಗ ಬಾ ಅಂದ್ರ ಬರಲಿಲ್ಲ. ಬಾಗಲದಾಗ ನಿಂತು ಸಣ್ಣಗ ಹೇಳಿದ:

"ಅಕ್ಕಾರ, ಸಂಜಿಮುಂದ ಈ ಲೈನಿಗೆ ಒಂದೂ ಕಾಲ್ ಬಂದಿಲ್ರಿ."

ಸಂಜೂನ ಅವ್ವ ಗುರವ್ವ ಸೊಸಿ ಜೋಡೀನ ಇದ್ಲು. ಆ ಮುದುಕಿಗೆ ಹೇಳಬಾರದು ಅಂತ ನಾಗರತ್ನಾ ಮಾಡಿದ್ಲು. ಮಾರಿ ಮ್ಯಾಲ ಕಾಣತೇತಲ್ಲ, ಹೇಳಬೇಕಾತು. ಗುರವ್ವ ಸೆರಗ ಹೊಚ್ಚಕೊಂಡು ಅಕಿ ಹಿಂದ ನಡದ್ಲು.

ಪರದೆ ಮ್ಯಾಲ ಹೆಸರು ಬಂತು. ಮುದುಕಿಗೆ ಓದಾಕ ಬರೂದಿಲ್ಲ. ಏನ್ ಬರದಾನ ಅಂತ ಕೇಳಿದ್ಲು. ಏನಿಲ್ರಿ ಅತ್ತಿ, ಬರೇ ಹೆಸರು ಅಂದ್ಲು ಇಕಿ. ಬಂದಾನಲ್ಲ, ಸಾಕು ಅಂತ ಗುರವ್ವ ಕುರ್ಚಿ ಎಳಕೊಂಡು ಕುಂತ್ಲು. ಅವತ್ತಿಂದ ದಿನಾ ಅದ. ಎಮ್ಮಿ ಈದದ್ದು, ಹಿಂದಿನ ಗ್ವಾಡಿ ಬಿದ್ದದ್ದು, ಸೋದರತ್ತಿ ಮೊಮ್ಮಗಳ ಲಗ್ನಾ ಗೊತ್ತಾದದ್ದು, ಎಲ್ಲಾ ಆ ಗೀಟಿಗೆ ಪಿಸುಪಿಸು ಹೇಳೂದು. ನಾಗರತ್ನಾ ಗ್ವಾಡಿಗೆ ಬೆನ್ನು ಹಚ್ಚಿ ನಿಂತು ಕೇಳತಿದ್ಲು. ಅಕಿಗೆ ಆಗ ಹೆದರಿಕಿನ ಇರಲಿಲ್ಲಂತ. ಗಂಡ ಕೆಲಸಾ ಮುಗಿಸಿ ಬಂದು, ಮಾತಿಲ್ಲದ ಕುಂತಂಗ ಅನಸತಿತ್ತಂತ.

ಆಮ್ಯಾಲ ಪುಣಾದಿಂದ ಒಂದು ಇ-ಮೇಲ್ ಬಂತು. ರವಾನಿ ಬಳಸೂ ಒಬ್ಬಾಂವ ಬರದಿದ್ದ. ನಿಮ್ಮ ಪ್ರೋಗ್ರಾಮಿನಾಗ ಒಂದು ಹೆಸರು ಐತಿ, ಅದನ್ನ ಟೈಪ್ ಮಾಡಿದ್ರ ಯಾರ ಬೇಕಾದವ್ರೂ ಪಾಸ್‌ವರ್ಡ್ ಇಲ್ಲದ ಒಳಗ ಹೋಗತಾರ, ಲಗೂನ ಮುಚ್ಚರಿ ಅಂತ. ನಾಗರತ್ನಾ ಓದಿದ್ಲು. ಉತ್ತರಾ ಬರೀಲಿಲ್ಲ. ಇವತ್ತ ಮಾಡೂನು, ನಾಳೆ ಮಾಡೂನು ಅಂತ ಮುಂದ ಹಾಕಿದ್ಲು. ಮುಚ್ಚಿದ್ರ ಅವನೂ ಬರೂದಿಲ್ಲ.

ಅಷ್ಟರಾಗ ಒಂದಿನ ಮಧ್ಯಾಹ್ನ ಯಾರೋ ಅದ ಬಾಗಲದಿಂದ ಹೊಕ್ಕು, ರಾಮದುರ್ಗದಿಂದ ಬಂದಿದ್ದ ರಿಪೋರ್ಟ್ ಕೆದರಿ ಹೋದ್ರು. ಮಹಾನಂದಾ ಅಂತ ಒಬ್ಬಾಕಿ ಹಡದಿದ್ಲು, ರಕ್ತಾ ಭಾಳ ಹೋಗಿತ್ತು. ರಿಪೋರ್ಟಿನಾಗ ಅಕಿ ರಕ್ತದ ಗುಂಪ ಬದಲಾಗಿತ್ತು. ಡಾಕ್ಟರ್ ರಕ್ತಾ ಏರಸೂಕಿಂತ ಮೊದಲ ಇನ್ನೊಮ್ಮಿ ತಪಾಸ ಮಾಡಿದ್ದಕ್ಕ ಜೀವ ಉಳೀತು. ಯಾರು ಮಾಡಿದ್ರೋ ಇವತ್ತಿಗೂ ಗೊತ್ತಿಲ್ಲ. ಸಂಜು ಅಲ್ಲ... ಅಂವ ಬರೂದು ಹೊತ್ತು ಮುಳಗಿದಮ್ಯಾಲ. ಬಂದ್ರೂ ಏನೂ ಮುಟ್ಟತಿರಲಿಲ್ಲ.

ನಾಗರತ್ನಾ ಮನಿಗೆ ಬಂದು ಅತ್ತಿ ಮುಂದ ಕುಂತ್ಲು.

"ಅತ್ತಿ, ಆ ಬಾಗಲಾ ಮುಚ್ಚಬೇಕ್ರಿ."

"ಅವಂಗ ಬರಾಕ ಅದೊಂದ ಐತಿ."

"ಬ್ಯಾರೆಯವ್ರೂ ಅದರಾಗಿಂದನ ಬರಾಕತ್ತಾರ್ರಿ. ಇನ್ನೊಬ್ಬರ ಮಗಳು ಸಾಯತಿದ್ಲು."

ಗುರವ್ವ ಮುಂದಿದ್ದ ರೊಟ್ಟಿ ಗಂಗಾಳಾ ಸರಿಸಿ ಎದ್ದು ಹೋದ್ಲು. ಅವತ್ತು ಉಣಲಿಲ್ಲ. ಮರುದಿನಾನೂ ನೀರಷ್ಟ ಕುಡದ್ಲು.

ಆ ಮರುದಿನ ನಾಗರತ್ನಾ ಮುಂಜಾನಿಯಿಂದ ಖೋಲಿಯೊಳಗ ಕುಂತು, ಗಂಡ ಬರದ ಪ್ರೋಗ್ರಾಮು ಸಾಲ ಸಾಲ ಓದಿದ್ಲು. ಅವನ ಹೆಸರು ಎಲ್ಲೆಲ್ಲೆ ಐತಿ ಅಲ್ಲೆಲ್ಲಾ ತಗೀಬೇಕು. ಅಂವ ಇದ್ದಾಗ ಒಮ್ಮಿನೂ ಆ ಹೆಸರು ಬಾಯಿಲೆ ಅಂದಾಕಿ ಅಲ್ಲ. ಅವತ್ತು ಒಂದೊಂದ ಅಕ್ಷರಾ ಕೈಯಾರೆ ಅಳಿಸಿದ್ಲು. ಸಂಜಿಗೆ ತಯಾರಾತು. ಒಂದು ಗುಂಡಿ ಒತ್ತಿದ್ರ ಹೊಸಾ ರವಾನಿ ಎಲ್ಲಾ ಕಡೆ ಹೋಗತಿತ್ತು. ಒತ್ತಲಿಲ್ಲ. ಕಾದ್ಲು. ಗುರವ್ವನೂ ಬಂದು ಕುಂತ್ಲು. ಅವತ್ತೂ ಏನೂ ಉಂಡಿರಲಿಲ್ಲ.

ಟಿಣ್... ಟಿಣ್... ಕೀಂ... ಖಸ್ಸ್...

ಬಂದ.

ನಾಗರತ್ನಾ ಟೈಪ್ ಮಾಡಿದ್ಲು, ಇಂಗ್ಲಿಷ್ ಅಕ್ಷರದಾಗ ಕನ್ನಡ ಮಾತು. ಇವತ್ತ ಬಾಗಲಾ ಮುಚ್ಚತೇನ್ರಿ, ಅಂತ.

ಗೀಟು ಮಿಣಕ್... ಮಿಣಕ್... ಹೊರಗ ಯಾರದೋ ಸೈಕಲ್ ಚೈನು ಕಿರ್ ಕಿರ್ ಅಂತ ದಾಟಿ ಹೋತು. ಆಮ್ಯಾಲ ಅಕ್ಷರಾ ಮೂಡಾಕ ಹತ್ತಿದ್ವು. ಒಂದು. ಇನ್ನೊಂದು. ತಡದು ತಡದು.

"ಏನಂತಾನ?"

ನಾಗರತ್ನಾ ಇನ್ನೊಮ್ಮಿ ಓದಿದ್ಲು. ಮುದುಕಿ ಅಕಿ ತೋಳು ಹಿಡದು ಅಳ್ಳಾಡಿಸಿದ್ಲು.

"ಅವ್ವ ಉಂಡ್ಲೇನು ಅಂತ ಕೇಳ್ಯಾರ್ರಿ."

ಗುರವ್ವ ಎದ್ದು ಪರದೆ ಮ್ಯಾಲ ಕೈ ಆಡಿಸಿದ್ಲು, ಕೂಸಿನ ಮಾರಿ ಸವರಿದಂಗ. ಗಾಜು ಚಿಟ್ ಚಿಟ್ ಅಂತು.

"ಮನಿಗೆ ಹೋಗಿ ಉಣತೇನಿ ಅನ್ನು."

ನಾಗರತ್ನಾ ಹಂಗ ಬರದ್ಲು. ಸ್ವಲ್ಪ ತಡದು... ಖಟ್. ಅಂವ ಹೋದ. ಇಕಿ ಗುಂಡಿ ಒತ್ತಿದ್ಲು.

ಮನಿಗೆ ಬಂದು ಗುರವ್ವ ಅರ್ಧಾ ರೊಟ್ಟಿ, ಒಂದೀಟು ಮೊಸರು ಉಂಡ್ಲು. ಅಕಿ ಕೈ ತೊಳಕೊಳ್ಳೂದರಾಗ ನಾಗರತ್ನಾ ಒಲಿ ಮುಂದ ಕುಸದು ಕುಂತು ಅಳಾಕ ಹತ್ತಿದ್ಲು. ಗಂಡ ಸತ್ತಮ್ಯಾಲ ಅತ್ತದ್ದು ಅದ ಮೊದಲು. ಅತ್ತಿ ಬಾಜೂಕ ಕುಂತು ಬೆನ್ನು ಸವರಿದ್ಲಂತ, ಸಾಕು ಮಾಡು ಅನ್ನಲಿಲ್ಲಂತ.

ಆಮ್ಯಾಲ ಹೊತ್ತು ಮುಳಗಿದಮ್ಯಾಲ ಆ ಮೋಡೆಮ್ ಒಮ್ಮಿನೂ ಒದರಲಿಲ್ಲ. ಒಂದಿಷ್ಟು ದಿನ ಗುರವ್ವ ಆ ಹೊತ್ತಿಗೆ ಸೆರಗ ಹೊಚ್ಚಕೊಂಡು ಮನಿ ಮುಂದಿನ ಕಟ್ಟಿ ಮ್ಯಾಲ ಬಂದು ಕುಂದರತಿದ್ಲು. ಬರತ ಬರತ ಅದನ್ನೂ ಬಿಟ್ಲು.

ಆದ್ರ ಒಂದು ಮಾತು ಉಳೀತು. ವಾರ ಆಗಿತ್ತೋ ಏನೋ, ಪುಣಾದಾಂವ ಮತ್ತ ಬರದ. ಹೊಸಾ ರವಾನಿ ನೋಡಿದೆ, ಎರಡೂ ತೂತು ಚಂದಾಗಿ ಮುಚ್ಚೀರಿ ಅಂತ. ಎರಡನೇದು ನನಗ ಮೊನ್ನೆ ಸಿಕ್ಕಿತ್ತು, ಇನ್ನೂ ಯಾರಿಗೂ ಹೇಳಿರಲಿಲ್ಲ, ನಿಮಗ ಹೆಂಗ ಗೊತ್ತಾತು ಅಂತ ಕೇಳಿದ್ದ.

ನಾಗರತ್ನಾ ಮುಚ್ಚಿದ್ದು ಒಂದ.

ತಗದು ನೋಡಿದ್ಲು. ಫೈಲಿನ ಹೆಸರು ಲೆಕ್ಕಕ್ಕಿಂತ ಉದ್ದ ಬಂದ್ರ ಪ್ರೋಗ್ರಾಮ್ ಕೆಟ್ಟು ಒಳಗ ದಾರಿ ಬಿಡತಿತ್ತಂತ. ಆ ಜಾಗಾದಾಗ ಹೊಸಾ ಸಾಲು ಇದ್ವು. ಉದ್ದ ಅಳದು, ಹೆಚ್ಚಾದ್ರ ತಿರಗಿ ಕಳಸೂ ಸಾಲು. ಅಕಿ ಬರದದ್ದಲ್ಲ. ಆ ಖೋಲಿಯೊಳಗ ಬರಿಯವ್ರು ಬ್ಯಾರೆ ಯಾರೂ ಇರಲಿಲ್ಲ.

ನಂಬ್ರಿ, ಬಿಡ್ರಿ... ನಾ ಬೈಲಹೊಂಗಲಕ್ಕ ಹೋದಾಗ ಅಕಿ ನನಗ ಪರದೆ ಮ್ಯಾಲ ಕೈಬಟ್ಟು ಇಟ್ಟು ತೋರಿಸ್ಯಾಳ. ನಾಕು ಸಾಲು. ನಾನ ಎಣಿಸೇನಿ.