ಕರೆಂಟ್ ಹೋದಲ್ಲಿ ನಿಂತ ಚಿತ್ರ

ಪ್ರಾಂಶುಪಾಲರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮ ಸಾರ್ ಅವರ ಪತ್ನಿ ಆದಿಲಕ್ಷ್ಮಮ್ಮನವರಿಗೆ, ಅವರ ತಮ್ಮ ಕದಿರೇಶ್ ಅವರಿಗೆ, ಮಾಲೂರು, ಶ್ರೀನಿವಾಸಪುರಗಳಿಂದ ಬಸ್ಸು ಹಿಡಿದು ಬಂದಿರುವ ಹಳೆಯ ವಿದ್ಯಾರ್ಥಿಗಳಿಗೆ — ನಮಸ್ಕಾರ.

ವೆಂಕಟರಮಣಪ್ಪ ಸಾರ್ ಮುಳಬಾಗಿಲಿನ ಈ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಅವರ ಪಾಠದ ಬಗ್ಗೆ ಬೇರೆಯವರು ಆಗಲೇ ಮಾತಾಡಿದ್ದಾರೆ. ನಾನು ಅವರ ಸಿನಿಮಾದ ಬಗ್ಗೆ ಮಾತಾಡುತ್ತೇನೆ. ಅದೇ — ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ, ಇದೇ ಹಾಲ್‌ನಲ್ಲಿ, ಬಿಳಿ ಪಂಚೆ ಕಟ್ಟಿ ತೋರಿಸುತ್ತಿದ್ದ ಸಿನಿಮಾ.

ನೋಡದವರಿಗೆ ಹೇಳಿಬಿಡುತ್ತೇನೆ. ಪರದೇಶದ ಹಳೆಯ ಚಿತ್ರ. ಒಬ್ಬ ಗಗನಯಾತ್ರಿ ಯಾರೂ ಇಲ್ಲದ ಗ್ರಹದಲ್ಲಿ ಇಳಿಯುತ್ತಾನೆ. ಅಲ್ಲಿ ಏನೂ ಇಲ್ಲ — ಒಂದು ಬಾವಿ ಬಿಟ್ಟರೆ. ಯಾರು ತೋಡಿದರು, ಗೊತ್ತಿಲ್ಲ. ಅವನು ಹಗ್ಗ ಇಳಿಬಿಡುತ್ತಾನೆ. ಇಳಿಯುತ್ತದೆ, ಇಳಿಯುತ್ತದೆ — ಹೀಗೆ — ಆಮೇಲೆ ಇದ್ದಕ್ಕಿದ್ದಂತೆ ಹಗ್ಗ ಭಾರವಾಗುತ್ತದೆ. ಅವನು ತಲೆ ಎತ್ತುತ್ತಾನೆ. ಅಷ್ಟೇ. ಪರದೆ ಕಪ್ಪು.

ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂತು. "ಏನ್ ಸಾರ್ ಇದು, ಅರ್ಧಕ್ಕೇ ಬಿಟ್ಟುಬಿಟ್ರು?" ಅಂದೆ. "ನೀವು ಓದೋ ಪದ್ಯಗಳು ಪೂರ್ತಿ ಹೇಳ್ತಾವೇನ್ರೀ ಮೇಡಂ?" ಅಂದರು. ಮಾರನೇ ವರ್ಷ ಮತ್ತೆ ಹೋಗಿ ಕುಳಿತೆ. ನನ್ನ ತಾಯಿ ತೀರಿಕೊಂಡ ವರ್ಷ ಆ ಯಾತ್ರಿಯ ಕೈಗಳನ್ನು ಬಿಟ್ಟು ಬೇರೇನೂ ನನಗೆ ಕಾಣಿಸಲಿಲ್ಲ. ಅವನಿಗೆ ಬಾಯಾರಿಕೆ ಇರಲಿಲ್ಲ, ಗಮನಿಸಿದ್ದೀರಾ? ಅವನಿಗೆ ಬೇಕಾಗಿದ್ದು ಹಗ್ಗದ ಆ ತುದಿಯಲ್ಲಿ ಒಂದು ಭಾರ. ಆ ಕಡೆಯೂ ಏನೋ ಇದೆ ಎನ್ನುವಷ್ಟು ಭಾರ.

ಎರಡು ವರ್ಷದ ಹಿಂದೆ ಈ ಚಿತ್ರವನ್ನು ಗಡಿಯ ತೆಲುಗು ಮಾತಿನ ಹಳ್ಳಿ ರಾಯಲ್ಪಾಡಿಗೆ ಒಯ್ದೆವು. ಮಾವಿನ ಮಂಡಿಯ ಗೋಡೆಯೇ ಪರದೆ. ಮಾತು ಬರುವ ಕಡೆ ಸಾರ್ ತೆಲುಗಿನಲ್ಲಿ ಹೇಳುತ್ತಿದ್ದರು. ಮುಗಿದ ಕೂಡಲೇ ದೊಡ್ಡಗಂಗಮ್ಮ ಎನ್ನುವ ಅಜ್ಜಿ, "ತಾಡು ಬರುವೆಕ್ಕಿಂದಿ ಕದಾ ನಾಯನಾ, ನೀಳ್ಳೇ!" ಎಂದರು. ಹಗ್ಗ ಭಾರವಾಯಿತಲ್ಲ, ನೀರೇ ಅಂತ. ಹಿಂದಿನಿಂದ ಆಂಜಿ ಎನ್ನುವ ಟ್ರ್ಯಾಕ್ಟರ್ ಡ್ರೈವರ್, "ನೀರಲ್ಲ ಕಣಜ್ಜಿ, ಯಾವನೋ ಕೆಳಗಡೆಯಿಂದ ಎಳೀತಾವ್ನೆ!" ಎಂದ. ಅಜ್ಜಿ ಬಿಡಲಿಲ್ಲ. "ಲೇ, ನೀನು ಯಾವತ್ತಾದ್ರೂ ಬಾವೀಲಿ ನೀರು ಸೇದಿದೀಯೇನ್ಲಾ?" ಊರು ಎರಡು ಪಕ್ಷವಾಯಿತು. ಸಾರ್ ಮಧ್ಯದಲ್ಲಿ ನಿಂತು ಹಿಗ್ಗುತ್ತಿದ್ದರು.

ಆಗ — ಕದಿರೇಶ್, ಹೇಳಲಾ? — ನಗುತ್ತಿದ್ದಾರೆ, ಹೇಳಬಹುದು. ಈ ಚಿತ್ರವನ್ನು ಹಿಂದೆ ಟೀವಿಯಿಂದ ಕ್ಯಾಸೆಟ್ಟಿಗೆ ಇಳಿಸಿ ಭಾವನಿಗೆ ಕೊಟ್ಟವರು ಟೇಕಲ್‌ನ ಈ ಕದಿರೇಶ್. ಆವತ್ತು ರಾಯಲ್ಪಾಡಿನಲ್ಲಿ ಜಗಳ ಜೋರಾದಾಗ ಇವರಿಗೆ ತಡೆಯಲಾಗಲಿಲ್ಲ. "ಭಾವಾ, ನೀರೂ ಇಲ್ಲ, ಮಣ್ಣೂ ಇಲ್ಲ. ಅವತ್ತು ರೆಕಾರ್ಡ್ ಮಾಡ್ತಿದ್ದಾಗ ಕರೆಂಟ್ ಹೋಯ್ತು ಕಣ್ರೀ! ಪಿಚ್ಚರ್ ಇನ್ನೂ ಇತ್ತು!"

ಎಲ್ಲರಿಗಿಂತ ಹೆಚ್ಚು ನಕ್ಕವರು ಸಾರ್. ಕಣ್ಣಲ್ಲಿ ನೀರು ಬರುವಷ್ಟು. ಆದರೆ ಹಿಂತಿರುಗುವಾಗ ವ್ಯಾನು ಮುಳಬಾಗಿಲು ಹತ್ತಿರ ಬಂದಾಗ ಕೇಳಿದರು: "ಉಳಿದದ್ದು ಎಲ್ಲಾದ್ರೂ ಸಿಗುತ್ತಾ ಮೇಡಂ?"

ಹುಡುಕಿದೆ. ಈ ವರ್ಷ ಸಿಕ್ಕಿತು. ಅಷ್ಟರಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಹಾಸಿಗೆಯ ಪಕ್ಕ ಕುಳಿತು ಮೊಬೈಲಿನಲ್ಲಿ ಹಾಕಿದೆ. ಹಗ್ಗ ಇಳಿಯಿತು. ಭಾರವಾಯಿತು. ಅವನು ತಲೆ ಎತ್ತಿದ. ಇನ್ನೇನು — ಸಾರ್ ಪರದೆಯ ಮೇಲೆ ಅಂಗೈ ಇಟ್ಟುಬಿಟ್ಟರು. "ಬೇಡ. ನಾವಿಬ್ಬರೇ ನೋಡೋದು ತಪ್ಪಾಗುತ್ತೆ. ನಾನು ಎದ್ದು ಬರ್ತೀನಿ. ಹಾಲ್‌ನಲ್ಲಿ ಎಲ್ಲರ ಜೊತೆ ನೋಡೋಣ."

ಅವರು ಎದ್ದು ಬರಲಿಲ್ಲ.

ಉಳಿದ ಭಾಗ ನನ್ನ ಬಳಿ ಇದೆ. ನಾನು ನೋಡಿಲ್ಲ. ನಿನ್ನೆ ಆದಿಲಕ್ಷ್ಮಮ್ಮನವರನ್ನು ಕೇಳಿದೆ — ಈ ಸಲ ತೋರಿಸಲೇ, ಬೇಡವೇ? ಅವರು ಹೇಳಿದರು: "ತೋರ್ಸಿ ಮೇಡಂ. ಎಲ್ಲರ ಜೊತೆ ಅಂದಿದ್ರಲ್ಲ. ಆದ್ರೆ ನೋಡ್ಕೊಂಡು ಮನೆಗೆ ಹೋದ್ಮೇಲೆ ಪ್ರತಿ ವರ್ಷದ ಹಾಗೆ ನಾನು ಯಾರ ಜೊತೆ ಜಗಳ ಆಡ್ಲಿ?"

ಪರೀಕ್ಷೆ ಮುಗಿದ ಮೇಲೆ ಇಲ್ಲಿಯೇ ತೋರಿಸುತ್ತೇವೆ, ಕೊನೆಯವರೆಗೆ. ಎಲ್ಲರೂ ಬನ್ನಿ. ಅಲ್ಲಿ ಎಲ್ಲವೂ ತಿಳಿದುಬಿಡಬಹುದು, ಏನೂ ತಿಳಿಯದೆಯೂ ಇರಬಹುದು. ನನಗೆ ಬೇಕಾಗಿರುವುದು ಅದಲ್ಲ. ಚಿತ್ರ ಮುಗಿದು ದೀಪ ಹತ್ತಿದಾಗ ಸಾರ್ ಅವರ ಮುಖ ಹೇಗಿರುತ್ತಿತ್ತು — ಅದನ್ನು ಯಾವ ಪ್ರತಿಯಲ್ಲಿ ಹುಡುಕಲಿ?

ದಯವಿಟ್ಟು ಎಲ್ಲರೂ ಮೌನಾಚರಣೆಗೆ ಎದ್ದು ನಿಲ್ಲಿ. ಮೌನ ಮುಗಿಯಿತು ಎಂದು ಇವತ್ತು ನಾನು ಹೇಳುವುದಿಲ್ಲ. ಆದಿಲಕ್ಷ್ಮಮ್ಮನವರು ಯಾವಾಗ ಕುಳಿತುಕೊಳ್ಳುತ್ತಾರೋ, ಆಗ ನಾವೂ ಕುಳಿತುಕೊಳ್ಳೋಣ.